ಹಸಿರು ಗುರುತಿನ ಏಳು ಪೀಸು

ಮೂರನೆಯ ಡಯೋಡಿನ ಕಾಲುಗಳನ್ನು ಬಗ್ಗಿಸಿ, ತೂತಿಗೆ ಇಳಿಸಿ, ಬೋರ್ಡು ಮಗುಚಿ, ಬೆಸುಗೆಯ ಐರನ್ನಿನ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿಕೊಳ್ಳುವಷ್ಟರಲ್ಲಿ ಸೂಪರ್‌ವೈಸರ್ ನಾಗೇಂದ್ರ ಬೆಂಚಿನ ತುದಿಗೆ ಬಂದು ನಿಂತದ್ದು ಕೋಮಲಳಿಗೆ ಗೊತ್ತಾಯಿತು. ಅವಳು ತಲೆ ಎತ್ತಲಿಲ್ಲ. ಸೀಸ ಕರಗಿ ಹರಿಯುವ ಹೊತ್ತಿನಲ್ಲಿ ತಲೆ ಎತ್ತಿದರೆ ಕೈ ಅಲುಗುತ್ತದೆ, ಬೆಸುಗೆ ಮಂಕಾಗುತ್ತದೆ. ಕೋಮಲಳ ಬೆಸುಗೆ ಆರು ವರ್ಷಗಳಲ್ಲಿ ಒಂದು ದಿನವೂ ಮಂಕಾಗಿರಲಿಲ್ಲ.

"ಕೋಮಲಾ, ನಿಂದು ಹಸಿರು ತಾನೇ?" ಎಂದ ನಾಗೇಂದ್ರ.

"ಹೌದು ಸಾ."

"ನರಸೀಪುರದಿಂದ ಅಂಗಡಿ ರಾಚಯ್ಯ ಫೋನ್ ಮಾಡಿದ್ರು. ಏಳು ಪೀಸ್ ವಾಪಸ್ ಬಂದಿದೆಯಂತೆ. ರೇಡಿಯೋಗೆ ಹಾಕಿದ್ರೆ ಗುಂಯ್ ಅನ್ನುತ್ತಂತೆ. ಏಳೂ ಹಸಿರು."

ಬೆಂಚಿನ ಮೇಲೆ ಆರು ಐರನ್ನುಗಳ ಹೊಗೆ ಮೇಲೇಳುತ್ತಿತ್ತು. ಆರು ಕೈಗಳೂ ನಿಂತವು.

"ಒಂದು ಬಿಚ್ಚಿ ನೋಡಿದ್ರಂತೆ. ನಾಲ್ಕು ಡಯೋಡ್ ಇರಬೇಕಾದ ಕಡೆ ಒಂದೇ ಒಂದು. ಫುಲ್ ವೇವ್ ಅಂತ ಪೆಟ್ಟಿಗೆ ಮೇಲೆ ಅಚ್ಚು ಹಾಕಿ ಹಾಫ್ ವೇವ್ ಕಳಿಸಿದ್ದೀವಿ. ಉಳಿದ ಮೂರು ಮೂರು ಎಲ್ಲಿಗೆ ಹೋದ್ವು? ಸೋಮವಾರ ಯಜಮಾನರು ಬರ್ತಾರೆ. ನನಗೆ ಹೇಳೋಕೆ ಮನಸ್ಸಿಲ್ಲ ಅಂದ್ರೆ ಅವರಿಗೇ ಹೇಳು. ಅವರು ಏನು ಮಾಡ್ತಾರೆ ಅಂತ ನಿನಗೆ ಗೊತ್ತು."

ಅವನು ಹೊರಟು ಹೋದ. ಕೋಮಲ ನಾಲ್ಕನೆಯ ಡಯೋಡನ್ನು ಕೈಗೆ ತೆಗೆದುಕೊಂಡಳು. ಕಪ್ಪು ಮೈಯ ಒಂದು ತುದಿಯಲ್ಲಿದ್ದ, ಯಾವ ಕಡೆಗೆ ಕೂರಿಸಬೇಕೆಂದು ತಿಳಿಸುವ ಬೆಳ್ಳಿಗೆರೆಯನ್ನು ನೋಡಿದಳು, ಮತ್ತೆ ನೋಡಿದಳು.

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ದೊಡ್ಡ ಫ್ಯಾಕ್ಟರಿಗಳ ಬೆನ್ನಿಗೆ ಅಂಟಿಕೊಂಡಿದ್ದ ಶೀಟಿನ ಶೆಡ್ಡು ಅದು. ಒಳಗೆ ಎಲಿಮಿನೇಟರ್ ತಯಾರಾಗುತ್ತಿತ್ತು. ಸೆಲ್ಲು ಹಾಕುವ ಬದಲು ರೇಡಿಯೋವನ್ನು, ಟೇಪ್ ರೆಕಾರ್ಡರನ್ನು ನೇರ ಕರೆಂಟಿಗೆ ಸಿಕ್ಕಿಸಲು ಬಳಸುವ ಅಂಗೈಯಗಲದ ಪೆಟ್ಟಿಗೆ. ಆ ತೊಂಬತ್ತೇಳನೆಯ ಇಸವಿಯಲ್ಲಿ ಸುತ್ತಮುತ್ತಲ ಊರುಗಳಲ್ಲಿ ಅದಿಲ್ಲದ ಮನೆ ಕಡಿಮೆ. ಪ್ರತಿ ಹೆಂಗಸೂ ತನ್ನ ಬೋರ್ಡನ್ನು ತಾನೇ ಮಾಡಿ, ತಾನೇ ಪೆಟ್ಟಿಗೆಗೆ ಕೂರಿಸಿ, ಸ್ಕ್ರೂ ತಿರುಗಿಸಿ ಕೊಡಬೇಕು. ಯಾರ ಕೈಯದೆಂದು ತಿಳಿಯಲು ಒಳಗಿನ ವೈರಿಗೆ, ಪೆಟ್ಟಿಗೆಯ ಗಾಳಿಸಂದಿನಿಂದ ಹೊರಗೂ ಕಾಣುವ ಹಾಗೆ, ಪ್ಲಾಸ್ಟಿಕ್ಕಿನ ಬಣ್ಣದ ಕೊಳವೆಯ ತುಂಡೊಂದನ್ನು ತೊಡಿಸಬೇಕು. ಕೋಮಲಳದು ಹಸಿರು. ಬಲಗಡೆ ಕೂರುವ ಮರಿತಾಯಮ್ಮನದು ನೀಲಿ. ಎಡಗಡೆಯ ಮುದ್ದಮ್ಮನದು ಕೆಂಪು. ಕೊನೆಗೆ ನಾಗೇಂದ್ರ ಒಂದೊಂದಕ್ಕೂ ಮೀಟರು ಮುಟ್ಟಿಸುತ್ತಾನೆ. ಮುಳ್ಳು ಸರಿಯಾದ ಜಾಗಕ್ಕೆ ಹೋದರೆ ಪೆಟ್ಟಿಗೆ ಹೊರಗೆ ಹೋಗುತ್ತದೆ.

ಅರ್ಧ ಅಲೆ, ಪೂರ್ತಿ ಅಲೆ ಎಂದರೇನೆಂದು ಕೋಮಲಳಿಗೆ ಹೇಳಿಕೊಟ್ಟವಳು ಮರಿತಾಯಮ್ಮ. ಆರು ವರ್ಷದ ಕೆಳಗೆ, ಕಳಲೆಯಿಂದ ಮದುವೆಯಾಗಿ ಬಂದು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದ ನಾಚಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಈ ಶೆಡ್ಡಿಗೆ ಕಾಲಿಟ್ಟಾಗ, ನಾಗೇಂದ್ರ ಕಪ್ಪುಹಲಗೆಯ ಮೇಲೆ ಅಲೆಗಳ ಚಿತ್ರ ಬರೆದು ಏನೇನೋ ವಿವರಿಸಿದ್ದ. ಒಂದೂ ತಲೆಗೆ ಹೋಗಿರಲಿಲ್ಲ. ಊಟದ ಹೊತ್ತಿನಲ್ಲಿ ಮರಿತಾಯಮ್ಮ ಪಕ್ಕಕ್ಕೆ ಕರೆದು ಕೂರಿಸಿಕೊಂಡಿದ್ದಳು.

"ಕರೆಂಟು ಅನ್ನಾದು ಒನಕೆ ಇದ್ದಂಗೆ ಕಣವ್ವ. ಮ್ಯಾಕ್ಕೆ ಓಯ್ತದೆ, ಕೆಳಕ್ಕೆ ಬತ್ತದೆ. ರೇಡಿಯೋಗೆ ಬೇಕಾದ್ದು ಕೆಳಕ್ಕೆ ಬೀಳೋ ಪೆಟ್ಟು. ಒಂದೇ ಡಯೋಡು ಆಕುದ್ರೆ ಒಬ್ಬಳೇ ಬತ್ತ ಕುಟ್ದಂಗೆ. ಒಂದು ಪೆಟ್ಟು ಬುಟ್ಟು ತಿರುಗ ಒನಕೆ ಎತ್ತೋಗಂಟ ಒರಳು ಸುಮ್ನಿರ್ತದೆ. ನಾಕು ಆಕುದ್ರೆ ಎದುರುಬದುರು ಇಬ್ರು ನಿಂತು ಕುಟ್ದಂಗೆ. ಅವಳು ಎತ್ತೋವಾಗ ಇವಳು ಬುಡ್ತಾಳೆ. ಒರಳಿಗೆ ಪುರುಸೊತ್ತೇ ಇಲ್ಲ."

"ಈ ಡಬ್ಬಿ ಥರದ್ದು ಯಾಕಕ್ಕ ಮತ್ತೆ?" ಎಂದು ಕೋಮಲ ಕೆಪಾಸಿಟರನ್ನು ತೋರಿಸಿದ್ದಳು.

"ಅದು ನೀರು ತುಂಬ್ಕಂಡಿರೋ ತೊಟ್ಟಿ. ಎರಡು ಪೆಟ್ಟಿನ ಮಧ್ಯದ ಸಂದ ಅದು ತುಂಬ್ತದೆ. ಸಂದು ಚಿಕ್ಕದಿದ್ರೆ ತುಂಬೀತು. ದೊಡ್ಡದಾದ್ರೆ ಅದಾರೂ ಎಷ್ಟೂಂತ ತುಂಬೀತು, ಯೋಳು?"

ಅವತ್ತಿನಿಂದ ಮೂಗೂರಿನ ಆ ಹೆಂಗಸು ಅವಳಿಗೆ ತಾಯಕ್ಕ. ನಾಗೇಂದ್ರ ಇವತ್ತು ಹೇಳಿದ ಮಾತಿನಲ್ಲಿ ಕೋಮಲಳಿಗೆ ತಡೆಯಲಾಗದೆ ಹೋದದ್ದು ಕಳ್ಳತನದ ಮಾತಿಗಿಂತ ಹೆಚ್ಚಾಗಿ, ತನ್ನ ಹಸಿರು ಕೊಳವೆಯ ಕೆಳಗೆ ಅರೆಬರೆ ಕೆಲಸ ಇತ್ತೆನ್ನುವುದು. ಗಂಡನ ಮನೆಯಲ್ಲಿ ಅವಳು ಮಾಡಿದ ಸಾರಿಗೆ ಅತ್ತೆ ಇನ್ನೊಮ್ಮೆ ಉಪ್ಪು ಹಾಕುತ್ತಾಳೆ, ಗುಡಿಸಿದ ಅಂಗಳವನ್ನು ಇನ್ನೊಮ್ಮೆ ಗುಡಿಸುತ್ತಾಳೆ. ಅವಳು ಮಾಡಿದ್ದನ್ನು ಯಾರೂ ಮತ್ತೆ ತಿದ್ದದ ಜಾಗ ಈ ಬೆಂಚೊಂದೇ ಆಗಿತ್ತು. ಸೋಮವಾರ ಅದು ಹೋಗುತ್ತದೆ. ಇಲ್ಲಿಂದ ಕಳ್ಳಿಯೆಂದು ಹೊರಬಿದ್ದವಳನ್ನು ಆ ಏರಿಯಾದ ಯಾವ ಶೆಡ್ಡೂ ಸೇರಿಸುವುದಿಲ್ಲ.

ಐದು ಗಂಟೆಗೆ ಐರನ್ನುಗಳನ್ನು ತಣಿಯಲು ಬಿಟ್ಟು ಎಲ್ಲರೂ ಎದ್ದಾಗ ಮರಿತಾಯಮ್ಮ ಅವಳ ಭುಜದ ಮೇಲೆ ಕೈಯಿಟ್ಟಳು.

"ತಲೆ ಕೆಡುಸ್ಕಬ್ಯಾಡ ಕಣವ್ವ. ಯಾರ ಕೆಲಸವೋ ಏನೋ. ದೇವರು ಕಣ್ಣು ಬುಟ್ಟು ನೋಡ್ತಾನೆ."

ಆ ಕೈ ಎಂದಿನ ಹಾಗೆಯೇ ಬೆಚ್ಚಗಿತ್ತು.

ಶನಿವಾರವಿಡೀ ಕೋಮಲ ಮುದ್ದಮ್ಮನನ್ನೇ ನೋಡಿದಳು. ಹಾಗೆ ನೋಡುವುದಕ್ಕೆ ಕಾರಣವೂ ಇತ್ತು. ಹೆಡತಲೆಯ ಈ ಹುಡುಗಿ ಸೇರಿ ಮೂರೇ ತಿಂಗಳಾಗಿತ್ತು. ಪೀಸುಗಳು ವಾಪಸ್ ಬರಲು ಶುರುವಾದದ್ದೂ ಈಗ. ಅವಳ ಅಣ್ಣನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿಯ ಗೂಡಂಗಡಿ ಇತ್ತು. ಅಲ್ಲಿ ಡಯೋಡು ಎಷ್ಟಿದ್ದರೂ ಬೇಕು. ಅವಳು ತನ್ನ ಚೀಲವನ್ನು ಮೊಳೆಗೆ ನೇತುಹಾಕದೆ ಯಾವಾಗಲೂ ಕಾಲ ಬುಡದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಕೈ ತೊಳೆಯಲು ಹೋಗುವಾಗಲೂ ಅದನ್ನು ಹೊತ್ತೇ ಹೋಗುತ್ತಿದ್ದಳು. ಇಷ್ಟು ದಿನ ಕಣ್ಣಿಗೆ ಬೀಳದಿದ್ದ ಇವೆಲ್ಲ ಒಂದೇ ದಿನದಲ್ಲಿ ಸಾಲುಗಟ್ಟಿ ನಿಂತವು. ಅವಳು ಸುಮ್ಮನೆ ಕೆಮ್ಮಿದರೂ ಕೋಮಲಳಿಗೆ ಅದರೊಳಗೆ ಏನೋ ಇದೆಯೆನಿಸಿತು.

ಮಧ್ಯಾಹ್ನ ಮುದ್ದಮ್ಮನೇ ಐರನ್ನು ಕೆಳಗಿಟ್ಟು ತಿರುಗಿದಳು.

"ಯಾಕಕ್ಕ, ಬೆಳಗ್ಗಿಂದ ನನ್ ಮಕಾನೇ ನೋಡ್ತಾ ಇದ್ದೀಯ? ಹೆಣ್ಣು ನೋಡಾಕೆ ಬಂದೋರ ಥರ. ಒಪ್ಗೆನಾ?"

"ಚೀಲದಲ್ಲಿ ಏನಿಟ್ಕಂಡಿದ್ದೀಯ?"

ಕೇಳಬಾರದಿತ್ತು; ಬಾಯಿ ಜಾರಿತ್ತು. ಮುದ್ದಮ್ಮ ಒಂದು ಕ್ಷಣ ಅವಳನ್ನು ನೋಡಿ, ಚೀಲವನ್ನು ಎತ್ತಿ ಬೆಂಚಿನ ಮೇಲೆ ಬೋರಲು ಹಾಕಿದಳು. ಊಟದ ಡಬ್ಬಿ, ಬಾಚಣಿಗೆ, ಮಡಿಸಿದ ಹಳೆಯ ಬಟ್ಟೆಯ ತುಂಡುಗಳು.

"ತಿಂಗಳಿಗೆ ಐದು ದಿನದ ಬದಲು ಹದಿನೈದು ದಿನ ನಂಗೆ. ಅದಕ್ಕೇ ಚೀಲ ಬುಡಾಕಿಲ್ಲ. ಇನ್ನೇನಾರೂ ತೋರುಸ್ಬೇಕಾ? ಸೀರೆ ಬಿಚ್ಚಲಾ?" ಎಂದು ಮೆಲ್ಲಗೆ ಹೇಳಿ, ಬಟ್ಟೆಗಳನ್ನು ಒಂದೊಂದಾಗಿ ಒಳಗಿಟ್ಟುಕೊಂಡಳು.

ಮರಿತಾಯಮ್ಮ ಬಗ್ಗಿ ತನ್ನ ಬೋರ್ಡು ನೋಡುತ್ತಿದ್ದಳು. ಬಹಳ ಬಗ್ಗಿದ್ದಳು. "ಬುಡವ್ವ ಮುದ್ದಿ, ಅವಳ ಸಂಕಟ ಅವಳಿಗೆ" ಎಂದಳು, ತಲೆ ಎತ್ತದೆ.

ಕೋಮಲಳಿಗೆ ಮುಖ ಎತ್ತಲಾಗಲಿಲ್ಲ. ಆದರೆ ಅನುಮಾನ ಹೋಗಲಿಲ್ಲ. ಕೂರಲು ಜಾಗ ಸಿಗದೆ ನಿಂತುಕೊಂಡಿತು ಅಷ್ಟೆ. ಪೀಸುಗಳನ್ನು ಕಣ್ಣಾರೆ ನೋಡದೆ ಇದು ಬಗೆಹರಿಯುವುದಿಲ್ಲವೆಂದು ಗೊತ್ತಾಯಿತು. ಅವು ಇನ್ನೂ ನರಸೀಪುರದಲ್ಲೇ ಇದ್ದವು; ಮುಂದಿನ ಸಲ ವ್ಯಾನು ಹೋದಾಗಲೇ ಬರುವುದು.

ಭಾನುವಾರ ಬೆಳಿಗ್ಗೆ, ಚಿಕ್ಕಮ್ಮನಿಗೆ ಹುಷಾರಿಲ್ಲವಂತೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ನರಸೀಪುರದ ಬಸ್ಸು ಹತ್ತಿದಳು. ಸುತ್ತೂರಿನ ಹತ್ತಿರ ಸೀಟು ಸಿಕ್ಕಿತು. ಹೊಳೆಯ ಸೇತುವೆ ದಾಟುವಾಗ ಪಕ್ಕದ ಹೆಂಗಸು ಕೈ ಮುಗಿದಳು. ಕೋಮಲ ಮುಗಿಯಲಿಲ್ಲ, ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇತ್ತು, ಸೆರಗಿನ ಮರೆಯಲ್ಲಿ.

ರಾಚಯ್ಯನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಅರವತ್ತು ದಾಟಿದ ಮನುಷ್ಯ, ರಿಪೇರಿಗೆ ಬಂದ ರೇಡಿಯೋಗಳ ನಡುವೆ ಕಾಲು ಮಡಚಿ ಕೂತಿದ್ದ. ನಂಜನಗೂಡಿನ ಶೆಡ್ಡಿನಿಂದ ಬಂದೆ ಎಂದಳು.

"ನೀನೇ ಹಸಿರಿನೋಳಾ? ಬಯ್ಯಾಕೆ ಬಂದ್ಯಾ, ಬೈಸ್ಕಳಕ್ಕೆ ಬಂದ್ಯಾ?"

"ನೋಡಾಕೆ ಬಂದೆ ಸಾ."

"ನೋಡು. ಮೊದಲು ಕೇಳು, ಆಮೇಲೆ ನೋಡು."

ಅವನು ರೇಡಿಯೋವೊಂದಕ್ಕೆ ಒಳ್ಳೆಯ ಎಲಿಮಿನೇಟರು ಸಿಕ್ಕಿಸಿದ. ಸುದ್ದಿ ಓದುವವಳ ದನಿ ತಿಳಿಯಾಗಿ ಬಂತು. ಕಿವಿ ಹತ್ತಿರ ತಂದರೆ ಮಾತ್ರ ಸೊಳ್ಳೆಯಂಥ ಸಣ್ಣ ಗುಂಯ್ ಸದ್ದು. ಅದನ್ನು ತೆಗೆದು ವಾಪಸ್ ಬಂದಿದ್ದೊಂದನ್ನು ಸಿಕ್ಕಿಸಿದ. ಅದೇ ಹೆಂಗಸು ದುಂಬಿಗಳ ಗೂಡಿನೊಳಗೆ ಕೂತು ಮಾತಾಡಿದ ಹಾಗಾಯಿತು. ವಾಲ್ಯೂಮು ಏರಿಸಿದಷ್ಟೂ ದುಂಬಿಗಳೇ ಹೆಚ್ಚಾದವು.

"ಶ್ರುತಿ ಕೇಳುಸ್ಕಂಡ್ಯಾ? ನಾಕು ಡಯೋಡಿಂದು ಮೇಲಿನ ಶ್ರುತಿ, ಸೆಕೆಂಡಿಗೆ ನೂರು ಪೆಟ್ಟು. ಒಂದರದು ಐವತ್ತೇ, ತಗ್ಗಿನ ಶ್ರುತಿ. ಬಿಚ್ಚದೇ ಯೋಳ್ಬೌದು ನಾನು."

"ಮೀಟರಲ್ಲಿ ಯಾಕೆ ಗೊತ್ತಾಗಲ್ಲ ಸಾ?"

"ಸುಮ್ನೆ ಮೀಟರ್ ಮುಟ್ಟಿಸುದ್ರೆ ಕೆಪಾಸಿಟರ್ ತುಂಬ್ಕಂಡು ಕೂತಿರ್ತದೆ, ಕುಡಿಯೋರು ಯಾರೂ ಇಲ್ಲ. ಎರಡೂ ಒಂದೇ ಥರ ತೋರುಸ್ತವೆ. ಒಂದು ಡಯೋಡಿಂದು ಚೂರು ಜಾಸ್ತಿನೇ ತೋರುಸ್ತದೆ. ರೇಡಿಯೋನೋ ಬಲ್ಬೋ ಆಕಿ ನೋಡ್ಬೇಕು, ಆಗ ಬಣ್ಣ ಬಯಲಾಯ್ತದೆ. ನಿಮ್ ಸೂಪರ್‌ವೈಸರ್‌ಗೆ ಅಷ್ಟೂ ತಿಳೀದಾ?"

ಕೋಮಲ ಮೊದಲ ಪೆಟ್ಟಿಗೆಯ ಸ್ಕ್ರೂ ತಿರುಗಿಸಿದಳು. ಹಸಿರು ಕೊಳವೆ ಕಂಡಿತು, ತನ್ನದೇ. ಅದರ ಪಕ್ಕದಲ್ಲಿ ಒಂದು ಡಯೋಡು. ಇನ್ನೊಂದು ಡಯೋಡು ಇರಬೇಕಾದ ಜಾಗದಲ್ಲಿ ಬರೀ ತಂತಿ. ಉಳಿದ ಎರಡು ಜಾಗ ಖಾಲಿ. ಆ ತಂತಿಯ ತುದಿಯನ್ನು ಅವಳು ಬೆಳಕಿಗೆ ಹಿಡಿದಳು. ತೂತಿಗೆ ನೇರ ಇಳಿಸಿರಲಿಲ್ಲ. ಎರಡು ಸುತ್ತು ಸುತ್ತಿ, ಒಳಗಿನಿಂದ ಎಳೆದು, ಬಿಗಿದು, ಆಮೇಲೆ ಸೀಸ ಬಿಟ್ಟಿದ್ದರು.

ಮಲ್ಲಿಗೆ ಕಟ್ಟುವವರ ಗಂಟು ಅದು. ಬಾಳೆನಾರಿನಲ್ಲಿ ಹೂ ಕಟ್ಟಿ ಬೆಳೆದ ಕೈಗಳು ತಂತಿ ಕೊಟ್ಟರೂ ಹಾಗೆಯೇ ಬಿಗಿಯುತ್ತವೆ. ಆ ಬೆಂಚಿನಲ್ಲಿ ಹಾಗೆ ಬಿಗಿಯುವ ಕೈ ಒಂದೇ. ಕೋಮಲಳಿಗೂ ಅದನ್ನು ಕಲಿಸಲು ನೋಡಿ, "ನಿನ್ ಬೆರಳಿಗೆ ಬರಾಕಿಲ್ಲ ಬುಡು" ಎಂದು ನಕ್ಕಿದ್ದ ತಾಯಕ್ಕನ ಕೈ.

ಅವಳು ಎರಡನೆಯದನ್ನು ಬಿಚ್ಚಿದಳು, ಮೂರನೆಯದನ್ನೂ. ಅದೇ ಗಂಟು. ಏಳರಲ್ಲೂ ಅದೇ.

"ನೀಲಿದು ಇದ್ರೆ ಕೊಡಿ ಸಾ."

"ನೀಲಿ ಒಂದೂ ವಾಪಸ್ ಬಂದಿಲ್ಲ ಕಣವ್ವ" ಎನ್ನುತ್ತ ರಾಚಯ್ಯ ಮಾರಾಟಕ್ಕಿಟ್ಟಿದ್ದ ಎರಡನ್ನು ಬಿಚ್ಚಲು ಕೊಟ್ಟ. ನಾಲ್ಕಕ್ಕೆ ನಾಲ್ಕು ಡಯೋಡು, ಒಂದೊಂದರ ಬೆಳ್ಳಿಗೆರೆಯೂ ಇರಬೇಕಾದ ಕಡೆಗೇ. ಅಂದವಾದ ಕೆಲಸ.

ಹಾಗಾದರೆ ಒಳ್ಳೆಯದಕ್ಕೆಲ್ಲ ನೀಲಿ, ಕೆಟ್ಟದ್ದಕ್ಕೆಲ್ಲ ಹಸಿರು. ಕೋಮಲ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ರಾಚಯ್ಯ ಟೀ ತರಿಸಿದ. ಅದು ಆರಿ ಕೆನೆಗಟ್ಟಿತು.

ಹೊರಡುವಾಗ ಅವನು ಕೆಟ್ಟದ್ದೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. "ನಿಮ್ಮೋರಿಗೆ ತೋರ್ಸು. ಬಲ್ಬ್ ಆಕಿ ತೋರ್ಸು."

ವಾಪಸ್ ಬರುವ ಬಸ್ಸಿನಲ್ಲಿ ಅವಳಿಗೆ ಒಂದೊಂದೇ ನೆನಪಾಗತೊಡಗಿತು. ಎರಡು ತಿಂಗಳ ಹಿಂದೆ ತಾಯಕ್ಕನ ಬೋರ್ಡಿನಲ್ಲಿ ಒಂದು ಡಯೋಡು ತಿರುಗುಮುರುಗಾಗಿ ಟ್ರಾನ್ಸ್‌ಫಾರ್ಮರು ಸುಟ್ಟು ಶೆಡ್ಡೆಲ್ಲ ಕಮಟು ವಾಸನೆ ಹಿಡಿದಿತ್ತು. ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗು ಎಂದು ನಾಗೇಂದ್ರ ಎಲ್ಲರೆದುರು ಕಿರುಚಿದ್ದ. ನಾಲ್ಕರಲ್ಲಿ ಒಂದು ತಿರುಗಿದರೆ ಸುಡುತ್ತದೆ. ಒಂದೇ ಇದ್ದರೆ ಸುಡುವುದಿಲ್ಲ. ಅದು ತಿರುಗಿದ್ದರೂ ಮೀಟರಿನ ಮುಳ್ಳು ಹಿಂದಕ್ಕೆ ಹೋಗುತ್ತದೆ ಅಷ್ಟೆ, ತೆಗೆದು ತಿರುಗಿಸಿ ಹಾಕಬಹುದು. ಆಮೇಲೆ, ಬಸ್ಸು ಬಂದಾಗ ತಾಯಕ್ಕ ಈಚೆಗೆ ಬೋರ್ಡು ಓದದೆ "ಯಾವೂರ್ದವ್ವ ಅದು?" ಎಂದು ಕೇಳುವುದು. ನಾಲ್ಕು ಗಂಟೆಯಾಗಿ ಶೆಡ್ಡಿನ ಬೆಳಕು ತಗ್ಗಿದ ಮೇಲೆ ಮೂಗು ಬೋರ್ಡಿಗೆ ತಾಗುವಷ್ಟು ಬಗ್ಗುವುದು.

ಕಣ್ಣಿಗೆ ಪೊರೆ ಬಂದಿರಬೇಕು. ಹಾಗಿದ್ದರೆ ಎಲ್ಲ ತಾಳೆಯಾಗುತ್ತಿತ್ತು. ಬೆಳಕಿರುವಾಗ ಮಾಡಿದವು ನಾಲ್ಕು ಡಯೋಡಿನವು, ಅವಕ್ಕೆ ನೀಲಿ. ಸಂಜೆಯವು ಒಂದೇ ಡಯೋಡಿನವು. ವೋಲ್ಟೇಜಿಲ್ಲದ ಟ್ಯೂಬ್‌ಲೈಟಿನ ಕೆಳಗೆ ಹಸಿರೂ ನೀಲಿಯೂ ಒಂದೇ ಆಗಿ, ಇಬ್ಬರ ನಡುವೆ ಇರುವ ಎರಡು ಕೊಳವೆಯ ಡಬ್ಬಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ತೊಡಿಸಿರಬಹುದು.

ಆದರೆ ಸಂಜೆ ಒಂದು ದಿನವಾದರೂ ಕೈ ನೀಲಿ ಡಬ್ಬಿಗೆ ಹೋಗಬೇಡವೇ? ಏಳಕ್ಕೆ ಏಳು ಹಸಿರಾಗಲು ಕಣ್ಣು ಮಂಜಾದರೆ ಸಾಕೇ, ಇಲ್ಲ ಕಣ್ಣು ಚೆನ್ನಾಗಿಯೇ ಕಾಣಬೇಕೇ?

ನಂಜನಗೂಡು ಬರುವವರೆಗೂ ಅವಳು ಒಮ್ಮೆ ಹೀಗೆ ನಂಬಿದಳು, ಒಮ್ಮೆ ಹಾಗೆ. ಎರಡೂ ಅಷ್ಟೇ ಚೆನ್ನಾಗಿ ಹೊಂದುತ್ತಿದ್ದವು.

ಸೋಮವಾರ ಅವಳು ಮುಕ್ಕಾಲು ಗಂಟೆ ಮೊದಲೇ ಶೆಡ್ಡಿಗೆ ಹೋದಳು. ಮೊದಲು ತನ್ನ ಹಸಿರು ಡಬ್ಬಿಯನ್ನು ತೆಗೆದು ಚೀಲಕ್ಕೆ ಹಾಕಿಕೊಳ್ಳಬೇಕೆಂದು ಹೋಗಿದ್ದಳು. ಬಾಗಿಲು ತೆರೆದೇ ಇತ್ತು. ಗೋಡೆಯ ಹತ್ತಿರ, ಸಾಮಾನಿನ ಮೇಜಿನ ಮುಂದೆ ಮರಿತಾಯಮ್ಮ ಬೆನ್ನು ಮಾಡಿ ನಿಂತಿದ್ದಳು. ಎಲೆ ಅಡಿಕೆ ಸಂಚಿಯನ್ನು ಡಯೋಡಿನ ತಟ್ಟೆಯೊಳಕ್ಕೆ ಬೋರಲು ಹಿಡಿದು ಕೊಡವುತ್ತಿದ್ದಳು. ಡಯೋಡುಗಳು ಉದುರುವ ಸದ್ದು, ಅಕ್ಕಿ ಉದುರಿದ ಹಾಗೆ, ತೀರಾ ಮೆಲ್ಲಗೆ ಕೇಳಿತು.

ಹಾಗಾದರೆ ಕದ್ದಿರಲಿಲ್ಲ. ಹೆದರಿ ಬಚ್ಚಿಟ್ಟಿದ್ದಳು, ಅಷ್ಟೆ. ಕೋಮಲಳ ಎದೆ ಅರೆಗಳಿಗೆ ಹಗುರಾಯಿತು. ಆಮೇಲೆ ಮೊದಲಿಗಿಂತ ಭಾರವಾಯಿತು. ಹೆದರಿದವಳಿಗೆ ಬಣ್ಣ ಕಾಣದೆ ಹೋಗಿರಬಹುದು. ಶುಕ್ರವಾರ ನಾಗೇಂದ್ರ ಬೆಂಚಿನ ಮುಂದೆ ನಿಂತು ಹೇಳಿದ ಹೆಸರು ಕೇಳದೆ ಹೋಗಿರಲಿಲ್ಲವಲ್ಲ. ಕೇಳಿಸಿಕೊಂಡೇ ಭುಜದ ಮೇಲೆ ಕೈಯಿಟ್ಟಿದ್ದಳು. ಮುದ್ದಮ್ಮ ಚೀಲ ಬೋರಲು ಹಾಕಿದಾಗಲೂ ಕೇಳಿಸಿಕೊಂಡೇ ಬಗ್ಗಿ ಕೂತಿದ್ದಳು.

"ಯಾರವ್ವ ಅದು?" ಮರಿತಾಯಮ್ಮ ತಿರುಗಿದಳು.

ಬಾಗಿಲಿನಿಂದ ಹತ್ತು ಹೆಜ್ಜೆಯೂ ಇರಲಿಲ್ಲ. ಕೋಮಲ ಉತ್ತರ ಕೊಡದೆ ನಿಂತಳು. ಆ ಮುಖ ಅವಳ ಕಡೆಗೇ ಇತ್ತು, ಕಣ್ಣು ಕಿರಿದಾಗಿತ್ತು.

"ನಾನು ತಾಯಕ್ಕ."

"ಓ, ಕೋಮಲನಾ. ಬೇಗ ಬಂದ್ಬುಟ್ಟೆಯಲ್ಲ."

"ನೀನೂ ಬೇಗ ಬಂದಿದ್ದೀಯ."

"ನಿದ್ದೆ ಬರ್ಲಿಲ್ಲ." ಸಂಚಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಸರವೇನೂ ಇರಲಿಲ್ಲ.

ಕೋಮಲ ತನ್ನ ಜಾಗಕ್ಕೆ ಹೋಗಿ, ಒಂದು ಡಯೋಡು ಎತ್ತಿ ಅವಳ ಅಂಗೈಗೆ ಹಾಕಿದಳು. "ಅಕ್ಕಾ, ಇದರ ಬೆಳ್ಳಿಗೆರೆ ಎತ್ಲಾಗದೆ ನೋಡು. ನನ್ ಕಣ್ಣಿಗೆ ಯಾಕೋ ಕಾಣ್ತಿಲ್ಲ."

ಮರಿತಾಯಮ್ಮ ಅದನ್ನು ಬೆರಳಲ್ಲಿ ತಿರುಗಿಸಿದಳು, ಬಾಗಿಲ ಬೆಳಕಿಗೆ ಹಿಡಿದಳು, ಮತ್ತೆ ತಿರುಗಿಸಿದಳು. "ಈ ಕಡೆಗದೆ" ಎಂದು ತುದಿಯೊಂದನ್ನು ಮುಟ್ಟಿ ತೋರಿಸಿದಳು. ಗೆರೆ ಆ ಕಡೆಗಿರಲಿಲ್ಲ.

"ಹೂಂ, ಅಲ್ಲೇ ಅದೆ" ಎಂದಳು ಕೋಮಲ.

ಆ ನಂತರ ಬೆಂಚಿನ ಮೇಲಿನ ಹಸಿರು ಡಬ್ಬಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಸದ್ದಾಗದ ಹಾಗೆ, ಬೆನ್ನು ಮರೆ ಮಾಡಿಯೇ ಹಾಕಿಕೊಂಡಳು.

"ಯಾಕವ್ವ, ನಿನ್ನ ಹಸ್ರು ಡಬ್ಬಿ ಎತ್ತಿಟ್ಕಂಡೆ?" ಎಂದಳು ಮರಿತಾಯಮ್ಮ, ಹಿಂದಿನಿಂದ.

ಕೋಮಲಳ ಕೈ ಚೀಲದೊಳಗೇ ನಿಂತಿತು. ಗೆರೆ ಕಾಣದ ಕಣ್ಣಿಗೆ ಡಬ್ಬಿ ಕಂಡಿತ್ತು. ಡಬ್ಬಿ ಗೆರೆಗಿಂತ ದೊಡ್ಡದು, ಕಾಣಬಹುದು. ಇದ್ದ ಜಾಗ ಖಾಲಿಯಾದದ್ದೇ ಗೊತ್ತಾಗಿರಬಹುದು. ಬಣ್ಣವೂ ಕಂಡಿರಬಹುದು.

"ತೊಳೀಬೇಕಿತ್ತು" ಎಂದಳು.

ಯಜಮಾನರು ಹನ್ನೊಂದಕ್ಕೆ ಬಂದರು. ಮೈಸೂರಿನವರು, ಮಾತು ಕಡಿಮೆ. ನಾಗೇಂದ್ರ ಎಲ್ಲ ಹೇಳಿ ಮುಗಿಸಿದ ಮೇಲೆ ಕೋಮಲಳ ಕಡೆ ತಿರುಗಿ, "ಏನಮ್ಮ?" ಎಂದರು.

ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತುಗಳಲ್ಲಿ 'ನಂದಲ್ಲ ಸಾ' ಎನ್ನುವುದು ಮೊದಲನೆಯದಾಗಿತ್ತು. ಅದನ್ನು ಹೇಳಿದರೆ 'ಮತ್ತೆ ಯಾರದು?' ಎನ್ನುತ್ತಾರೆ. ಆಗ ನಾಲಿಗೆಯ ಮೇಲೆ ಒಂದು ಹೆಸರು ಇರುತ್ತದೆ. ಅವಳು ಹೇಳದಿದ್ದರೆ ಎಲ್ಲರ ಕಣ್ಣೂ ಹೊಸಬಳಾದ ಮುದ್ದಮ್ಮನ ಮೇಲೆ ಹೋಗುತ್ತದೆ. ಅವಳು ಕಾಗದ ಬಿಚ್ಚಿ ನರಸೀಪುರದಿಂದ ತಂದ ಪೀಸನ್ನು ಮೇಜಿನ ಮೇಲಿಟ್ಟಳು.

"ಯಾರ ಕೈಯದು ಅನ್ನಾದು ಆಮೇಲೆ ಇರ್ಲಿ ಸಾ. ಇದು ಇಲ್ಲಿಂದ ಹೊರಗೆ ಹೋಗಿದ್ದೆಂಗೆ ಅಂತ ನೋಡಿ."

ಪ್ಲಗ್ಗಿಗೆ ಸಿಕ್ಕಿಸಿ ಮೀಟರು ಮುಟ್ಟಿಸಿದಳು. ಮುಳ್ಳು ಏರಿತು. ಪಕ್ಕದಲ್ಲಿ ಒಳ್ಳೆಯದೊಂದನ್ನು ಇಟ್ಟು ಮುಟ್ಟಿಸಿದಳು. ಇದರ ಮುಳ್ಳು ಒಂದು ಕೂದಲು ಕೆಳಗೇ ನಿಂತಿತು. "ಕೆಟ್ಟದ್ದೇ ಜಾಸ್ತಿ ತೋರುಸ್ತದೆ ಸಾ." ಆಮೇಲೆ ಚೀಲದಿಂದ ಸ್ಕೂಟರಿನ ಇಂಡಿಕೇಟರ್ ಬಲ್ಬೊಂದನ್ನು ತೆಗೆದು ಎರಡಕ್ಕೂ ಒಂದೊಂದು ಸಲ ಜೋಡಿಸಿದಳು. ಒಳ್ಳೆಯದರಲ್ಲಿ ಅದು ಬೆಳ್ಳಗೆ ಉರಿಯಿತು. ಕೆಟ್ಟದ್ದರಲ್ಲಿ ಮಂಕಾಗಿ ಕೆಂಪಗೆ ಉರಿಯಿತು, ಮೀಟರಿನ ಮುಳ್ಳು ಜಾರಿ ಬಿತ್ತು.

ಯಜಮಾನರು ನಾಗೇಂದ್ರನನ್ನು ನೋಡಿದರು. "ನೀವು ಬಲ್ಬು ಹಾಕಿ ನೋಡಲ್ವಾ?"

ನಾಗೇಂದ್ರ ಪೀಸನ್ನು ಎತ್ತಿಕೊಂಡು ಒಳಗೆ ನೋಡಿದ. ಡಯೋಡು ಎಣಿಸಿದ, ಗಂಟು ನೋಡಲಿಲ್ಲ. ಮುದ್ದಮ್ಮ ಅವನ ಭುಜದ ಹಿಂದಿನಿಂದ ಬಗ್ಗಿ ನೋಡಿ, ಕೋಮಲಳ ಮುಖ ನೋಡಿ, ಹೋಗಿ ತನ್ನ ಜಾಗದಲ್ಲಿ ಕೂತಳು. ಅವಳಿಗೆ ಗಂಟು ಕಂಡಿತೋ ಇಲ್ಲವೋ ತಿಳಿಯಲಿಲ್ಲ.

"ಸರಿ" ಎಂದರು ಯಜಮಾನರು. "ಇವತ್ತಿಂದ ಪ್ರತಿಯೊಂದಕ್ಕೂ ಬಲ್ಬು. ನೋಡೋ ಕೆಲಸ ನಿಂದೇ ಕೋಮಲಾ. ಇನ್ನೊಂದು ಪೀಸ್ ಹೀಗೆ ಹೊರಗೆ ಹೋದ್ರೆ ನಾನು ಬಣ್ಣ ಗಿಣ್ಣ ಕೇಳಲ್ಲ, ನಿನ್ನನ್ನೇ ಕಳಿಸ್ತೀನಿ."

ಹೊಗಳಿದರೋ ಬಲೆ ಹಾಕಿದರೋ ಗೊತ್ತಾಗಲಿಲ್ಲ. ಅವರು ಹೋದ ಮೇಲೆ ನಾಗೇಂದ್ರ, "ನನ್ನ ಮೇಲೇ ತಿರುಗಿಸಿಬಿಟ್ಟೆಯಲ್ಲಮ್ಮ. ಏಳು ಪೀಸು ನಿಂದೇ ಅಂತ ನನಗೇನೂ ಮರೆತಿಲ್ಲ" ಎಂದು ಹಲ್ಲು ಕಚ್ಚಿ ಹೇಳಿದ. ಮಧ್ಯಾಹ್ನ ಊಟಕ್ಕೆ ಕೂತಾಗ ಮರಿತಾಯಮ್ಮ ತನ್ನ ಡಬ್ಬಿಯ ಹುರುಳಿಕಾಳಿನ ಪಲ್ಯವನ್ನು ಎಂದಿನಂತೆ ಅರ್ಧ ಪಾಲು ಅವಳ ಮುಚ್ಚಳಕ್ಕೆ ಹಾಕಿದಳು. ಕೋಮಲ ತಿಂದಳು. ತಿನ್ನುವಾಗ ಅದಕ್ಕೆ ಉಪ್ಪು ಹೆಚ್ಚಾಗಿದೆಯೋ ತನ್ನ ಬಾಯಿಯೇ ಕೆಟ್ಟಿದೆಯೋ ಎಂದು ಯೋಚಿಸಿದಳು.

ನಾಲ್ಕೂಮುಕ್ಕಾಲಿಗೆ ದಿನದ ಪೀಸುಗಳ ತಟ್ಟೆಗಳು ಬಂದವು. ಬಾಗಿಲ ಬದಿಯ ಹೊಸ ಮೇಜಿನ ಹಿಂದೆ ಕೋಮಲ ಒಬ್ಬಳೇ ಕೂತಿದ್ದಳು. ಮುದ್ದಮ್ಮನವು ಎಂಟು, ಎಂಟರಲ್ಲೂ ಬಲ್ಬು ಬೆಳ್ಳಗೆ ಉರಿಯಿತು. ಮರಿತಾಯಮ್ಮ ತನ್ನ ತಟ್ಟೆಯನ್ನು ತಾನೇ ತಂದಿಟ್ಟಳು. ಮುಖ ನೋಡಲಿಲ್ಲ. ತಟ್ಟೆಯನ್ನು ಮೇಜಿನ ಅಂಚಿನಿಂದ ಸ್ವಲ್ಪ ಒಳಕ್ಕೆ, ಕೋಮಲಳ ಕೈಗೆ ಹತ್ತಿರವಾಗುವ ಹಾಗೆ ತಳ್ಳಿ, ಗೋಡೆ ಸವರಿಕೊಂಡು ಹೋದಳು.

ಒಂಬತ್ತು ಪೀಸು. ಆರು ಬೆಳ್ಳಗೆ ಉರಿದವು. ಏಳನೆಯದಕ್ಕೆ ಬಲ್ಬು ಕೆಂಪಾಯಿತು. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ಹಾಗೆಯೇ ಆಯಿತು. ಮೂರನ್ನೂ ಬಿಚ್ಚಿದಳು. ಈಗ ನೀಲಿ ಕೊಳವೆಯೇ ಇತ್ತು, ತಾಯಕ್ಕನ ಕೈಗೆ ಸಿಗುವಂತೆ ಉಳಿದದ್ದು ಅದೊಂದೇ.

ಬಲ್ಬು ಹಚ್ಚಿ ನೋಡುತ್ತಾರೆಂದು ತಾಯಕ್ಕನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಗೊತ್ತಿದ್ದೂ ಇವನ್ನು ತಂದಿಟ್ಟಿದ್ದಳು. ಬೇರೆ ದಾರಿ ಇಲ್ಲದೆ ತಂದಿಟ್ಟಳೋ? ಕೋಮಲ ನಾಗೇಂದ್ರನ ಬಳಿ ಹೇಳುವವಳಲ್ಲ, ಬಿಚ್ಚಿ ಕಟ್ಟಿಕೊಡುವವಳು ಎಂದು ಮೊದಲೇ ಅಳೆದು ತಂದಿಟ್ಟಳೋ? ಆರು ವರ್ಷ ಪಲ್ಯ ಹಂಚಿಕೊಂಡವಳಿಗೆ ಇನ್ನೊಬ್ಬಳ ಅಳತೆ ಗೊತ್ತಿರುವುದಿಲ್ಲವೇ?

ಹೊರಗೆ ನಲ್ಲಿಯ ಹತ್ತಿರ ಹೆಂಗಸರು ಕೈ ತೊಳೆಯುತ್ತ ನಗುತ್ತಿದ್ದರು. ಮುದ್ದಮ್ಮ ಯಾರನ್ನೋ ಅಣಕಿಸುತ್ತಿದ್ದಳು, ಮರಿತಾಯಮ್ಮನ ನಗುವೂ ಅದರಲ್ಲಿ ಸೇರಿತ್ತು. ನಾಗೇಂದ್ರ ತನ್ನ ಮೇಜಿನಿಂದ ಕೂಗಿದ, "ಎಲ್ಲಾ ಸರಿ ಇದೆಯಾ?"

ಕೋಮಲ ಮೂರು ಪೀಸುಗಳನ್ನು ಮಡಿಲಿಗೆ ಎಳೆದುಕೊಂಡಳು. ಬರುವ ತಿಂಗಳ ಎರಡನೆಯ ಭಾನುವಾರ ಹೈಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪು ಇತ್ತು. ಗೋಡೆಗೆಲ್ಲ ಕಾಗದ ಅಂಟಿಸಿದ್ದರು. ತಾಯಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು. ಹೊರಗೆ ಬೆಂಚಿನ ಮೇಲೆ ಕೂರದೆ ಒಳಗೇ ಹೋಗಿ, ಪಕ್ಕದಲ್ಲೇ ನಿಂತು, ಡಾಕ್ಟರು ಹೇಳುವುದನ್ನು ತನ್ನ ಕಿವಿಯಿಂದಲೇ ಕೇಳುವುದು. ಅವಳಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಬಣ್ಣ ಕಾಣುತ್ತದೆಯೋ ಇಲ್ಲವೋ, ಅದನ್ನೂ ಕೇಳಿಬಿಡುವುದು. ಅಲ್ಲಿಯವರೆಗೆ ಸಂಜೆಯ ಪೀಸುಗಳನ್ನು ತಾನೇ ಬಿಚ್ಚಿ ಕಟ್ಟುವುದು. ಪೊರೆ ತೆಗೆಸಿ, ಕನ್ನಡಕ ಹಾಕಿಸಿದ ಮೇಲೂ ಒಂದು ಡಯೋಡಿನದು ಒಂದೇ ಒಂದು ಬಂದರೆ, ಅದನ್ನು ಬಿಚ್ಚುವುದಿಲ್ಲ. ಬಂದ ಹಾಗೆಯೇ, ಬಂದ ಬಣ್ಣದಲ್ಲಿಯೇ, ಒಯ್ದು ನಾಗೇಂದ್ರನ ಮೇಜಿನ ಮೇಲೆ ಇಡುವುದು.

"ಸರಿ ಇದೆ ಸಾ" ಎಂದು ಕೂಗಿ ಹೇಳಿ, ಅವಳು ಸಾಮಾನಿನ ತಟ್ಟೆಯಿಂದ ಡಯೋಡುಗಳನ್ನು ಆರಿಸಿಕೊಂಡಳು. ಐರನ್ನು ಇನ್ನೂ ಬಿಸಿ ಇತ್ತು.